ಮಿಶ್ರಛಾಪಿನ ಬಲ್ಗೇರಿಯನ್ನರು

ರುಮೆನ್‌ನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಯಾವುದೆಂದರೆ "ತಪ್ಪು". ಒಮಾನ್ ದೇಶದ ಸೊಹಾರಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವ ಎಂಜಿನಿಯರಿಗೆ ಈ ಮಾತು ಬೇಕು, ಒಪ್ಪೋಣ. ಕುಲುಮೆಯ ಮುಂದೆ ನಿಂತು "ಇರಲಿ ಬಿಡಿ" ಅನ್ನುವವನನ್ನು ನಂಬಿ ಯಾರೂ ಹತ್ತಿರ ಸುಳಿಯುವುದಿಲ್ಲ. ಆದರೆ ಈ ಪುಣ್ಯಾತ್ಮ ಅದನ್ನು ಕಂಪನಿ ಬಸ್ಸು ಹತ್ತಿಸಿಕೊಂಡು ಮನೆಗೂ ತರುತ್ತಿದ್ದ. ಮಗಳು ಯಾನಾ ಊಟದ ಮೇಜಿನಲ್ಲಿ ತಮ್ಮ ಬಲ್ಗೇರಿಯನ್ ಭಾಷೆಯಲ್ಲಿ "ತಾತೆ, ನನಗೆ ಹಾಲು..." ಎಂದು ಬಾಯಿ ತೆರೆದರೆ ಸಾಕು, "ತಪ್ಪು. ಹಾಗಲ್ಲ, ಹೀಗೆ ಹೇಳು" ಎಂದು ಶುರು. ತಾತೆ ಅಂದರೆ ಅವರಲ್ಲಿ ಅಪ್ಪ. ಮಗು ಎರಡನೇ ಸಲ ಹೇಳಬೇಕು, ಮೂರನೇ ಸಲ ಹೇಳಬೇಕು. ಅಷ್ಟರಲ್ಲಿ ಹಾಲು ಆರಿ ಕೆನೆ ಕಟ್ಟುತ್ತಿತ್ತು. ಒಂದು ದಿನ ಯಾನಾ ಲೋಟ ದೂರ ತಳ್ಳಿ, "ಫರ್ಗೆಟ್ ಇಟ್, ಡ್ಯಾಡ್" ಎಂದು ಎದ್ದುಹೋದಳು. ಆಗ ಅವಳಿಗೆ ಏಳು ವರ್ಷ. ಈಗ ಹತ್ತು. ಅಂದಿನಿಂದ ಅಪ್ಪನ ಜೊತೆ ಅವಳದು ಬರೀ ಇಂಗ್ಲಿಷು.

ಇದಕ್ಕೆ ಕಾರಣ ಯಾರು? ರುಮೆನ್ ಪ್ರಕಾರ ಮೊದಲನೆಯದಾಗಿ ಅವಳು ಹೋಗುವ ಇಂಡಿಯನ್ ಸ್ಕೂಲು. ಆಮೇಲೆ ಮೊಬೈಲು, ಒಮಾನಿನ ಬಿಸಿಲು, ಹೆಂಡತಿ ಕಲಿನಾಳ ಸಡಿಲ ಸ್ವಭಾವ, ಕೆಳಗಿನ ಫ್ಲ್ಯಾಟಿನ ದಿಶಾ ಎಂಬ ಗೆಳತಿ. ತಾನೊಬ್ಬನನ್ನು ಬಿಟ್ಟು ಊರಿನವರೆಲ್ಲರ ಮೇಲೂ ಅವನಿಗೆ ಗುಮಾನಿ ಇತ್ತು.

ಹೋಗಲಿ, ಅದನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ರುಮೆನ್‌ನ ತಾಯಿ ಸ್ತಾಂಕಾ ಬಲ್ಗೇರಿಯಾದ ಒಂದು ಸಣ್ಣ ಊರಿನಲ್ಲಿ ಇದ್ದಳು. ಗಟ್ಟಿಗಿತ್ತಿ. ಪ್ರಾಯದಲ್ಲಿ ಊರಿನ ಕುಣಿತದ ತಂಡಕ್ಕೆ ಮುಂದಾಳು. ಪ್ರತಿ ಭಾನುವಾರ ವಿಡಿಯೊ ಕಾಲ್‌ನಲ್ಲಿ "ನನ್ನ ಮೊಮ್ಮಗಳೆಲ್ಲೋ?" ಎಂದು ಕೇಳುತ್ತಿದ್ದಳು. ಮೊಮ್ಮಗಳು ಕೆಳಗೆ ದಿಶಾಳ ಮನೆಯಲ್ಲಿ ಚುರುಮುರಿ ತಿನ್ನುತ್ತಿರುತ್ತಿದ್ದಳು. ರುಮೆನ್ ಮಾತ್ರ ಕಣ್ಣು ಮಿಟುಕಿಸದೆ, "ನಮ್ಮ ಬಲ್ಗೇರಿಯನ್ ಬಳಗದಲ್ಲಿ ಕುಣಿತದ ಅಭ್ಯಾಸ ಅಮ್ಮಾ, ಅಲ್ಲಿ ಹೋಗಿದ್ದಾಳೆ. ಬಾಯಿ ತೆರೆದರೆ ಬಲ್ಗೇರಿಯನ್, ಮುಚ್ಚಿಸೋದೇ ಕಷ್ಟ" ಎನ್ನುತ್ತಿದ್ದ. ಬಳಗದಲ್ಲಿ ಎಷ್ಟು ಜನ ಎಂದು ಕೇಳಿದ್ದಕ್ಕೆ ಮೊದಲ ವರ್ಷ ಹನ್ನೆರಡು ಎಂದಿದ್ದ. ತಾಯಿಯ ಗೆಳತಿಯ ಮಗ ಶಿಕಾಗೋದಲ್ಲಿ ಮೂವತ್ತೈದು ಜನರ ಬಳಗ ಕಟ್ಟಿದ್ದಾನೆಂದು ಗೊತ್ತಾದ ವಾರವೇ ಸೊಹಾರಿನ ಬಳಗ ನಲವತ್ತಕ್ಕೆ ಏರಿತು. ತಾಯಿ ಹಿಗ್ಗಿಹೋದಳು. ಹಿಗ್ಗಿದವಳು ಸುಮ್ಮನಿರದೆ ಟಿಕೆಟ್ ತೆಗೆದಳು.

"ಜನವರಿಯಲ್ಲಿ ಬರ್ತೀನಿ ಕಣೋ. ನಿಮ್ಮ ನಲವತ್ತು ಜನರ ಕುಣಿತ ನೋಡಬೇಕು. ಯಾನಾಗೆ ಅಂಗಿ ಲಂಗ ಹೊಲಿದಿದೀನಿ."

ರುಮೆನ್‌ಗೆ ಕುಲುಮೆಯ ಮುಂದೆ ಇಳಿಯದ ಬೆವರು ಎ.ಸಿ. ಕೋಣೆಯಲ್ಲಿ ಇಳಿಯಿತು.

ಜನವರಿಯಲ್ಲಿ ಕಂಪನಿಯ ಕುಟುಂಬ ದಿನ. ಒಂದೊಂದು ದೇಶದವರಿಗೂ ವೇದಿಕೆಯ ಮೇಲೆ ಹತ್ತು ನಿಮಿಷ. ಗುಂಪು ಕುಣಿತಕ್ಕೆ ಎಂಟು ಜನ ಇರಲೇಬೇಕೆಂಬ ನಿಯಮ. ರುಮೆನ್ ಮೆಟ್ಟಿಲಿಳಿದು ಕೆಳಗಿನ ಫ್ಲ್ಯಾಟಿನ ದೊರೆಸ್ವಾಮಿಯ ಬಾಗಿಲು ತಟ್ಟಿದ. ದೊರೆಸ್ವಾಮಿ ಮೈಸೂರಿನವನು, ಅದೇ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್, ಅದಕ್ಕಿಂತ ಮುಖ್ಯವಾಗಿ ಸೊಹಾರ್ ಕನ್ನಡ ಬಳಗದ ಕಾರ್ಯದರ್ಶಿ. ಇಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ದೊರೆಸ್ವಾಮಿಯ ಇಂಗ್ಲಿಷು ಮೈಸೂರಿನಲ್ಲೇ ಹುಟ್ಟಿ ಅಲ್ಲೇ ಬೆಳೆದದ್ದಾದ್ದರಿಂದ ಅದನ್ನು ಕನ್ನಡದಲ್ಲಿ ಬರೆದರೆ ಯಾರಿಗೂ ನಷ್ಟವಿಲ್ಲ.

"ಎಂಟು ಜನ ಬೇಕು. ಕಡ ಕೊಡ್ತೀರಾ?" ಎಂದ ರುಮೆನ್.

"ನಿಮ್ಮೋರೇ ಎಷ್ಟು ಜನ ಇದೀರಿ ಸಾರ್?"

"ನಾನು, ಕಲಿನಾ, ಯಾನಾ."

"ಮಸ್ಕತ್‌ನಲ್ಲಿ ಇನ್ನೂ ನಾಲ್ಕು ಜನ ಇದಾರೆ ಅಂತಿದ್ರಲ್ಲ?"

"ಅವರ ಸುದ್ದಿ ಎತ್ತಬೇಡಿ."

ಆ ನಾಲ್ವರ ಮುಖಂಡ ಇವಾಯ್ಲೊ ಮಸ್ಕತ್‌ನ ಖುರುಮ್ ಬಡಾವಣೆಯ ಒಂದು ಹೋಟೆಲಿನಲ್ಲಿ ಕೇಕು ಮಾಡುವ ಬಾಣಸಿಗ. ಹಿಂದೆ ಏಳೂ ಜನ ಒಂದೇ ಬಳಗದಲ್ಲಿ ಇದ್ದರು. ಬಲ್ಗೇರಿಯನ್ನರು ದಪ್ಪ ಕೆಂಪು ಮೆಣಸಿನಕಾಯಿಯನ್ನು ಸುಟ್ಟು, ಸಿಪ್ಪೆ ತೆಗೆದು, ಟೊಮೆಟೊ ಹಾಕಿ ಒಂದು ಚಟ್ನಿ ಮಾಡುತ್ತಾರೆ. ಅದಕ್ಕೆ ಬದನೆಕಾಯಿ ಸೇರಿಸಬಹುದೆಂದು ಇವಾಯ್ಲೊ ಒಂದು ಪಿಕ್‌ನಿಕ್‌ನಲ್ಲಿ ಬಾಯಿ ತಪ್ಪಿ ಅಂದ. ಬದನೆಕಾಯಿ ಹಾಕುವವನು ಬಲ್ಗೇರಿಯನ್ನನೇ ಅಲ್ಲ ಎಂದ ರುಮೆನ್. ಸಂಜೆಯೊಳಗೆ ಬಳಗ ಎರಡಾಯಿತು. ಇವನದು "ಒಮಾನ್ ಬಲ್ಗೇರಿಯನ್ ಬಳಗ", ಅವನದು "ಒಮಾನ್ ನಿಜ ಬಲ್ಗೇರಿಯನ್ ಬಳಗ". ಇಬ್ಬರೂ ಅಧ್ಯಕ್ಷರಾದರು.

ದೊರೆಸ್ವಾಮಿ ಇದನ್ನು ಕೇಳಿ ಭಕ್ತಿಯಿಂದ ತಲೆದೂಗಿದ. "ಒಂದು ಸಂಘ ಒಡೀಬೇಕು ಅಂದ್ರೆ ನಮ್ಗೆ ಕಮ್ಮಿ ಅಂದ್ರೂ ನೂರು ಜನ ಬೇಕು ಸಾರ್. ಅಧ್ಯಕ್ಷಗಿರಿ ಅಂತೆ, ಊಟದ ಕೂಪನ್ ಅಂತೆ, ಐದಾರು ವರ್ಷ ಕಷ್ಟಪಡ್ಬೇಕು. ನೀವು ಏಳೇ ಜನದಲ್ಲಿ, ಬದ್ನೇಕಾಯಲ್ಲಿ ಮುಗಿಸ್ಬುಟ್ರಲ್ಲ! ಭೇಷ್! ಜನ ನಾನು ಕೊಡ್ತೀನಿ, ಬಿಡಿ."

ಕೊಟ್ಟ. ದೊರೆಸ್ವಾಮಿ, ಮಗಳು ದಿಶಾ, ಕಾರ್ಖಾನೆಯ ಮೂವರು ಹುಡುಗರು, ಜೊತೆಗೆ ಅನ್ಸಾರ್. ಈ ಅನ್ಸಾರ್ ಬಂಟ್ವಾಳದ ಬ್ಯಾರಿ, ಬರ್ಕಾದಲ್ಲಿ ಅಂಗಡಿ ಇಟ್ಟಿದ್ದ. ಶುಕ್ರವಾರ ಶುಕ್ರವಾರ ಕ್ವಾರ್ಟರ್ಸ್‌ನ ಮೆಸ್ಸಿಗೆ ತರಕಾರಿ ತರುವಾಗ ಅಭ್ಯಾಸಕ್ಕೂ ಬರುತ್ತೇನೆಂದ. "ನನಗೆ ಕುಣಿಲಿಕ್ಕೆ ಎಲ್ಲ ಬರುದಿಲ್ಲ ಮಾರಾಯ್ರೆ. ಆದ್ರೆ ಇವ್ರ ಅಮ್ಮ ಅಷ್ಟು ದೂರದಿಂದ ಬರ್ತಾರಂತಲ್ಲ, ಬೇಜಾರು ಮಾಡ್ಬಾರ್ದು" ಎಂದ. ಅವನ ಮನಸ್ಸು ಹಾಗೆ.

ಕುಣಿಯಬೇಕಾದದ್ದು ರಚೆನಿತ್ಸಾ, ಬಲ್ಗೇರಿಯನ್ನರ ಹೆಮ್ಮೆಯ ಕುಣಿತ. ಕೈ ಕೈ ಹಿಡಿದು ಸಾಲಾಗಿ ನಿಲ್ಲಬೇಕು. ಕಲಿಸುವವರು ಯಾರು? ಕಲಿನಾಗೆ ಅದರ ಗಂಧಗಾಳಿ ಇರಲಿಲ್ಲ. ರುಮೆನ್ ಚಿಕ್ಕಂದಿನಲ್ಲಿ ತಾಯಿ ಕುಣಿತದ ತರಗತಿಗೆ ಕಳಿಸಿದಾಗಲೆಲ್ಲ ಕಕ್ಕಸಿನಲ್ಲಿ ಅಡಗಿ ಕೂತು ಬೆಳೆದವನು. ಅದನ್ನು ಹೇಳುವುದುಂಟೇ? "ಮಂಡಿ ನೋವು" ಎಂದು ಹೇಳಿ, ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿ ದೊರೆಸ್ವಾಮಿಯ ಹೆಂಡತಿ ನೀರಜಾಳ ಕೈಗೆ ಕೊಟ್ಟ. ನೀರಜಾ ಕ್ವಾರ್ಟರ್ಸ್‌ನ ಮಕ್ಕಳಿಗೆಲ್ಲ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದಳು. ವಿಡಿಯೊ ಅರ್ಧ ಓಡಿರಬೇಕು, ಅವಳ ಕೈ ತಾನೇ ತೊಡೆಯ ಮೇಲೆ ಬೀಳತೊಡಗಿತು.

"ರೀ, ಏಳು ಕಣ್ರೀ ಇದು! ಮಿಶ್ರಛಾಪು! ತಕಿಟ ತಕ ಧಿಮಿ, ತಕಿಟ ತಕ ಧಿಮಿ. ಅಯ್ಯೋ, ಇದಕ್ಕೆ ಇಷ್ಟೊಂದು ಹೆದರ್ಕೊಂಡಿದ್ರಾ? ನಮ್ಮನೇ ತಾಳ!"

ಏಳೇನೋ ಏಳೇ. ಆದರೆ ರಚೆನಿತ್ಸಾದಲ್ಲಿ ಮೊದಲು ಎರಡು ಗಿಡ್ಡ ಹೆಜ್ಜೆ, ಕೊನೆಗೆ ಒಂದು ಉದ್ದ ಹೆಜ್ಜೆ: ತಕ ಧಿಮಿ ತಕಿಟ. ನೀರಜಾಳ ಕೈ ಚಿಕ್ಕಂದಿನಿಂದ ಬಂದ ಅಭ್ಯಾಸದಲ್ಲಿ ಉದ್ದದ್ದನ್ನು ಮುಂದಕ್ಕೆ ತಂದಿಟ್ಟಿತು. ವಿಡಿಯೊದ ವೇಗ ಮಕ್ಕಳಿಗೆ ಆಗುವುದಿಲ್ಲವೆಂದು ನಿಧಾನ ಮಾಡಿದಳು. ಕೀಬೋರ್ಡ್ ನುಡಿಸುವ ಮಂಗಳೂರಿನ ರಾಯ್‌ಸ್ಟನ್ ಅವಳು ಕೊಟ್ಟ ಲೆಕ್ಕಕ್ಕೆ ರಾಗ ಕೂಡಿಸಿದ. ಹೀಗೆ ರಚೆನಿತ್ಸಾದ ಬಾಲ ತಲೆಯಾಗಿ, ತಲೆ ಬಾಲವಾಗಿ, ಅದು ಬೇರೆಯೇ ಕುಣಿತವಾಗಿ ಕೂತಿತು. ದಿನಕ್ಕೆ ನೂರು ಸಲ "ತಪ್ಪು" ಅನ್ನುವ ರುಮೆನ್, ಆ ಮಾತು ನಿಜವಾಗಿ ಬೇಕಾಗಿದ್ದ ಒಂದೇ ಒಂದು ಜಾಗದಲ್ಲಿ ಕೈ ತಟ್ಟಿ "ಬ್ರಾವೋ! ಬ್ರಾವೋ!" ಎಂದ.

ಯಾನಾಗೆ ಮಾತ್ರ ಶುಕ್ರವಾರ ಬಂದರೆ ಹಬ್ಬ. ಅಲ್ಲಿ ಕಾಲು ತಪ್ಪಿದರೆ ನೀರಜಾ ಆಂಟಿ "ಇನ್ನೊಂದ್ಸಲ, ಚಿನ್ನ" ಅನ್ನುತ್ತಿದ್ದಳು, ಅಷ್ಟೇ. ಮೂರು ವಾರದಲ್ಲಿ ಹುಡುಗಿ ಸಾಲಿನ ಮುಂದೆ ನಿಂತು ಎಲ್ಲರನ್ನೂ ಎಳೆದುಕೊಂಡು ಹೋಗುವಷ್ಟಾದಳು. ಸಾಲಿನ ಕೊನೆಯಲ್ಲಿ ಅನ್ಸಾರ್ ಹೊಟ್ಟೆ ಕುಣಿಸುತ್ತ ಏದುಸಿರು ಬಿಡುತ್ತಿದ್ದ.

ಇಷ್ಟಕ್ಕೇ ನಿಲ್ಲಿಸಿದ್ದರೆ ರುಮೆನ್ ಹೇಗೆ ರುಮೆನ್ ಆಗುತ್ತಾನೆ? ತಾಯಿಗೆ ಅನುಮಾನ ಬರಬಾರದೆಂದು ಎಲ್ಲರಿಗೂ ಒಂದೊಂದು ಬಲ್ಗೇರಿಯನ್ ಹೆಸರು ಹಂಚಿದ. ನೀರಜಾ ನೆವೆನಾ ಆದಳು. ದೊರೆಸ್ವಾಮಿ ದೊಬ್ರೊಮಿರ್ ಆದ, ಆಗಿ ಖುಷಿಯಾಗಿ ಕನ್ನಡಿ ನೋಡಿಕೊಂಡ. ಅನ್ಸಾರ್‌ಗೆ ಅಸೆನ್ ಎಂಬ ಹೆಸರು ಸಿಕ್ಕಿತು. "ನೀವು ವಾರ್ನಾ ಊರಿನವರು, ನೆನಪಿಟ್ಟುಕೊಳ್ಳಿ" ಎಂದ ರುಮೆನ್. ಅನ್ಸಾರ್ "ಆಯ್ತು" ಎಂದ, ಆದರೆ ಮುಖ ಸಪ್ಪಗಾಯಿತು. ಇದ್ದದ್ದು ನಲವತ್ತಲ್ಲವಲ್ಲ ಎಂದು ಕಲಿನಾ ಕೇಳಿದ್ದಕ್ಕೆ, "ಉಳಿದವರು ಊರಿಗೆ ರಜೆಗೆ ಹೋಗಿದ್ದಾರೆ ಅಂದರಾಯಿತು" ಎಂದು ಅವಳ ಬಾಯಿ ಮುಚ್ಚಿಸಿದ.

ತಾಯಿ ಬಂದಿಳಿದಳು. ಮಸ್ಕತ್ ವಿಮಾನ ನಿಲ್ದಾಣದಲ್ಲಿ ಯಾನಾಳನ್ನು ತಬ್ಬಿ, ಮೇಲೆತ್ತಲು ನೋಡಿ, ಆಗದೆ ನಕ್ಕಳು. ಬಲ್ಗೇರಿಯನ್ನರು ಅಜ್ಜಿಯನ್ನು ಬಾಬಾ ಅನ್ನುತ್ತಾರೆ. "ಬಾಬಾ!" ಎಂದ ಯಾನಾ ಅಪ್ಪನತ್ತ ಒಂದು ಸಲ ಓರೆಗಣ್ಣಿನಲ್ಲಿ ನೋಡಿ ಬಾಯಿ ಮುಚ್ಚಿಕೊಂಡಳು.

ಸೊಹಾರಿಗೆ ಹೋಗುವ ದಾರಿಯಲ್ಲಿ ಬರ್ಕಾ ಸಿಗುತ್ತದೆ. ಅಂಗಡಿ ಮುಂದೆ ಕಾರು ನಿಲ್ಲಲೇಬೇಕೆಂದು ಅನ್ಸಾರ್ ಹಟ ಹಿಡಿದಿದ್ದ. ಬಲ್ಗೇರಿಯನ್ನರು ದೊಡ್ಡವರನ್ನು ರೊಟ್ಟಿ, ಉಪ್ಪು ಕೊಟ್ಟು ಬರಮಾಡಿಕೊಳ್ಳುತ್ತಾರೆಂದು ರುಮೆನ್‌ನೇ ಎಂದೋ ಹೇಳಿದ್ದನಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಟೀಲ್ ತಟ್ಟೆಯಲ್ಲಿ ಬಿಸಿ ಕುಬ್ಬೂಸು, ಪಕ್ಕದಲ್ಲಿ ಒಂದು ಕಿಲೊ ಉಪ್ಪಿನ ಪ್ಯಾಕೆಟ್ಟು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಮುದುಕಿ ರೊಟ್ಟಿ ಮುರಿದು, ಪ್ಯಾಕೆಟ್ಟಿನ ಮೂಲೆ ಹರಿದು ಉಪ್ಪಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಕಣ್ಣು ತುಂಬಿ ಬಂತು.

"ಎಷ್ಟು ಒಳ್ಳೆಯ ಮನುಷ್ಯ! ಹೆಸರೇನಂತೆ?"

ಯಾನಾ ಅದನ್ನು ಅನ್ಸಾರ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು. ಅನ್ಸಾರ್ "ಅಸೆನ್" ಎಂದ.

"ಯಾವ ಊರು?"

ಆ ಗಳಿಗೆಯಲ್ಲಿ ವಾರ್ನಾ ಎಂಬುದು ಅನ್ಸಾರ್‌ನ ತಲೆಯಿಂದ ಹಾರಿಹೋಯಿತು. "ಬಂಟ್ವಾಳ" ಎಂದುಬಿಟ್ಟ.

ಯಾನಾಗೆ ನಗು ತಡೆಯಲಾಗಲಿಲ್ಲ. ಮುದುಕಿ ನಗಲಿಲ್ಲ. ಅಂಗಡಿಯ ಗೋಡೆ, ಗಲ್ಲಾದ ಮೇಲಿದ್ದ ಕಾಬಾದ ಚಿತ್ರ, ಅನ್ಸಾರ್‌ನ ಗಡ್ಡ, ಮಗನ ಮುಖ, ಎಲ್ಲವನ್ನೂ ನೋಡಿದಳು. "ತಾಯಿ ಇಟ್ಟ ಹೆಸರು ಕೇಳು" ಎಂದಳು.

"ಅನ್ಸಾರ್. ಅನ್ಸಾರ್ ಅಂತ ಹೇಳು ಮಗಾ" ಎಂದ ಅವನು, ಭಾರ ಇಳಿದವನ ಹಾಗೆ. "ಸಾಕಾಯ್ತು ನನಗೆ ಈ ನಾಟಕ. ನನ್ನ ಉಮ್ಮನಿಗೆ ಗೊತ್ತಾದ್ರೆ ಎಂತ ಹೇಳ್ಲಿಕ್ಕಿಲ್ಲ!"

ಸ್ತಾಂಕಾ ಮಗನ ಕಡೆ ತಿರುಗಿದಳು. "ನಮ್ಮ ಎದುರು ಮನೆಯ ಐಶೆ ನೆನಪಿದ್ದಾಳೇನೋ? ಒಂದು ಚಳಿಗಾಲ ಸರ್ಕಾರದವರು ಬಂದು, ಮುಸಲ್ಮಾನರ ಹೆಸರೆಲ್ಲ ಇನ್ನು ನಡೆಯೋದಿಲ್ಲ, ನಿನ್ನ ಹೆಸರು ಆನಾ ಅಂತ ಹೇಳಿ ಹೋದರು. ಆಗ ನಿನಗೆ ಏಳು ವರ್ಷ. ಆನಾ ಅಂತ ಕೂಗಿದರೆ ಅವಳು ತಿರುಗಿಯೂ ನೋಡ್ತಿರಲಿಲ್ಲ. ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಟರ್ಕಿಗೆ ಹೋದಳು. ಅವಳ ಮನೆ ಹಲ್ವಾ ತಿಂದು ಬೆಳೆದವನು ನೀನು. ಈಗ ಇನ್ನೊಬ್ಬರ ದೇಶಕ್ಕೆ ಅನ್ನ ಹುಡುಕಿಕೊಂಡು ಬಂದು ಇಲ್ಲೂ ಅದೇ ಕೆಲಸ ಶುರುಮಾಡಿದ್ದೀಯಲ್ಲೋ! ನಾಚಿಕೆ ಆಗೋದಿಲ್ಲವಾ?"

ರುಮೆನ್ ಕಾರಿನ ಬಾನೆಟ್ಟಿಗೆ ಒರಗಿ ಎಲ್ಲವನ್ನೂ ಒಪ್ಪಿಕೊಂಡ. ನಲವತ್ತಲ್ಲ, ಮೂರು. ಶಿಕಾಗೋದವನ ಮೇಲಿನ ಹೊಟ್ಟೆಕಿಚ್ಚಿಗೆ ಹೇಳಿದ್ದು. ಬದನೆಕಾಯಿಯ ವಿಷಯವೂ ಬಂತು.

"ಮೂರು ಅಂದಿದ್ದರೆ ನಾನು ಬರ್ತಿರಲಿಲ್ಲ ಅಂದುಕೊಂಡೆಯಾ?" ಎಂದು ಕೇಳಿ ಮುದುಕಿ ಕಾರು ಹತ್ತಿದಳು. ಹತ್ತುವ ಮೊದಲು ಅನ್ಸಾರ್‌ನ ಹೆಸರನ್ನು ಸರಿಯಾಗಿ ಕೂಗಿ ಕೈ ಬೀಸಿದಳು.

ಒಂದು ಸುಳ್ಳು ಮಾತ್ರ ಇನ್ನೂ ಉಳಿದಿತ್ತು, ಯಾನಾಳ ಬಲ್ಗೇರಿಯನ್. ರುಮೆನ್‌ಗೆ ತನ್ನ ತಾಯಿ, ತನ್ನ ಮಗಳು ಎರಡು ಗೋಡೆಗಳ ಹಾಗೆ ಎದುರು ಬದುರು ಕೂರುತ್ತಾರಲ್ಲ ಎಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ವಿಚಿತ್ರ ನೋಡಿ, ಅಜ್ಜಿ ಮೊಮ್ಮಗಳು ದಿನವಿಡೀ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತಿದ್ದರು. ಒಳಗಿಂದ ಗುಸುಗುಸು, ನಗು. ಇವನು ಹೋದರೆ ಮೌನ. ಮಗಳಿಗೆ ಕೇಳಿದರೆ ಅರ್ಥವಾಗುತ್ತದಲ್ಲ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಗೋ ನಡೆಸುತ್ತಿದ್ದಾರೆಂದು ಸಮಾಧಾನ ಮಾಡಿಕೊಂಡ.

ಒಂದು ಸಂಜೆ ಡ್ಯೂಟಿ ಬೇಗ ಮುಗಿಸಿ ಬಂದವನು ಅಡುಗೆಮನೆಯ ಬಾಗಿಲಲ್ಲಿ ಬೆಪ್ಪಾಗಿ ನಿಂತ. ಯಾನಾ ಸ್ಕೂಲ್ ಬಸ್ಸಿನಲ್ಲಿ ನಡೆದ ಜಗಳದ ಕತೆ ಹೇಳುತ್ತಿದ್ದಳು. ಬಲ್ಗೇರಿಯನ್‌ನಲ್ಲಿ! ಉದ್ದಕ್ಕೆ! ನಡುನಡುವೆ ಇಂಗ್ಲಿಷು, ಹಿಂದಿ, ಒಂದೆರಡು ಕನ್ನಡ ಬಯ್ಗುಳ. ವ್ಯಾಕರಣದಲ್ಲಿ ಗಂಡು ಹೆಣ್ಣಾಗಿತ್ತು, ನಿನ್ನೆ ನಾಳೆಯಾಗಿತ್ತು. ಅಜ್ಜಿ ಹಿಟ್ಟು ನಾದುತ್ತ "ಹೂಂ, ಆಮೇಲೆ? ಅವನು ಏನಂದ?" ಎನ್ನುತ್ತಿದ್ದಳು. ರುಮೆನ್‌ನ ಎದೆ ತುಂಬಿ ಬಂತು. ಓಡಿ ಹೋಗಿ ಮಗಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಬಾಗಿಲು ತಳ್ಳಿ ಒಳಗೆ ಹೋದ. ಬಾಯಿ ತೆರೆದ. ಬಂದ ಮಾತು:

"ತಪ್ಪು! 'ಹೊಡೆಯುತ್ತಾನೆ' ಅಲ್ಲ, 'ಹೊಡೆದ'!"

ಯಾನಾ ಬಾಯಿಗೆ ಬೀಗ ಹಾಕಿದಳು. "ಹಾಯ್, ಡ್ಯಾಡ್" ಎಂದು ಅವನನ್ನು ಬಳಸಿಕೊಂಡು ಹೊರಗೆ ಹೋದಳು.

"ಆಯಿತಾ? ತೃಪ್ತಿಯಾಯಿತಾ?" ಎಂದಳು ತಾಯಿ, ಹಿಟ್ಟಿನ ಮುದ್ದೆಯನ್ನು ದಪ್ಪೆಂದು ಮಣೆಗೆ ಬಡಿದು. "ಮಗುವಿಗೆ ಮಾತು ಬರೋದಿಲ್ಲ ಅಂತ ಊರಿಗೆಲ್ಲ ಗೋಳಾಡ್ತೀಯಂತೆ. ಬರೋದಿಲ್ಲ ಅಂತ ಯಾರಂದರು? ನಿನ್ನ ಹತ್ತಿರ ಆಡೋದಿಲ್ಲ, ಅಷ್ಟೇ."

ರುಮೆನ್ ಮಂಚದ ಮೇಲೆ ಹೋಗಿ ಕೂತ. ಅವನಿಗೆ ನಿಜವಾಗಿ ಅಳು ಬಂತು. ಏನೂ ಬೇಡ, ಒಂದೇ ಒಂದು ಸಲ ಆ ಹುಡುಗಿ ತನ್ನನ್ನು "ತಾತೆ" ಎಂದು ಕರೆದರೆ ಸಾಕು ಎಂದು ಆಸೆಯಾಯಿತು. ಮುಂದೆ ನಾಲ್ಕು ದಿನ "ತಪ್ಪು" ಅನ್ನದೆ ಇದ್ದ. ಐದನೇ ದಿನ ಕುಟುಂಬ ದಿನ ಬಂತು.

ಕ್ಲಬ್ಬಿನ ಹುಲ್ಲುಹಾಸಿನಲ್ಲಿ ವೇದಿಕೆ. ಜನವರಿಯ ತಂಪು ಸಂಜೆ. ಫಿಲಿಪೀನ್ಸಿನವರ ಹಾಡು ಮುಗಿಯಿತು, ಪಂಜಾಬಿಗಳ ಭಾಂಗ್ಡಾ ಮುಗಿಯಿತು, ಬಲ್ಗೇರಿಯನ್ನರ ಸರದಿ ಬಂತು. ಮೈಕು ಹಿಡಿದವನು ರುಮೆನ್. ಮುಂದಿನ ಸಾಲಿನಲ್ಲಿ ತಾಯಿ. ಹಿಂದೆ ಸಿಹಿತಿಂಡಿಯ ಮೇಜಿನ ಬಳಿ ಬಿಳಿ ಟೋಪಿಯ ಇವಾಯ್ಲೊ! ಖುರುಮ್‌ನ ಅವನ ಹೋಟೆಲಿಗೇ ಈ ಸಲ ಕೇಕಿನ ಆರ್ಡರ್ ಸಿಕ್ಕಿತ್ತು. ರುಮೆನ್‌ಗೆ ಮೈಯೆಲ್ಲ ಉರಿಯಿತು. ಅವನಿಗೆ ತಾಗಲೆಂದೇ, "ಈಗ ನೋಡಿ, ಕಲಬೆರಕೆಯಿಲ್ಲದ ಅಪ್ಪಟ ಬಲ್ಗೇರಿಯನ್ ರಚೆನಿತ್ಸಾ!" ಎಂದು ಘೋಷಿಸಿದ.

ರಾಯ್‌ಸ್ಟನ್ ಕೀಬೋರ್ಡ್ ಹಿಡಿದ. ನೀರಜಾ ರೇಷ್ಮೆ ಸೀರೆಯಲ್ಲಿ ಚಕ್ಕಂಬಕ್ಕಲ ಹಾಕಿ ಕೂತು "ತಕಿಟ ತಕ ಧಿಮಿ" ಎಂದಳು. ಅಜ್ಜಿ ಹೊಲಿದ ಕೆಂಪು ಲಂಗದಲ್ಲಿ ಯಾನಾ ಮುಂದೆ, ಕೊನೆಯಲ್ಲಿ ಅನ್ಸಾರ್. ಸಾಲು ಹಾವಿನ ಹಾ‌ಗೆ ಬಳುಕುತ್ತ ವೇದಿಕೆ ತುಂಬಿತು. ಜನ ಚಪ್ಪಾಳೆ ಹೊಡೆದರು. ಮಗಳ ಮುಖ ಅಷ್ಟು ಅರಳಿದ್ದನ್ನು ರುಮೆನ್ ಈಚೆಗೆ ಕಂಡಿರಲಿಲ್ಲ.

ಆದರೆ ತಾಯಿಯ ಹುಬ್ಬು ಗಂಟಿಕ್ಕಿತ್ತು. ಅವಳ ಕಾಲು ಒಂದು ಸಲ ನೆಲ ತಟ್ಟಿತು, ಎಡವಿದ ಹಾಗೆ ನಿಂತಿತು.

ಅಷ್ಟರಲ್ಲಿ ಇವಾಯ್ಲೊ ಕೇಕಿನ ಚಾಕು ಹಿಡಿದೇ ಮುಂದೆ ಬಂದ. "ಏಯ್ ಅಧ್ಯಕ್ಷ!" ಎಂದು ಬಲ್ಗೇರಿಯನ್‌ನಲ್ಲಿ ಕೂಗಿದ. "ಇದು ಯಾವ ರಚೆನಿತ್ಸಾನೋ? ಉದ್ದ ಹೆಜ್ಜೆ ಮೊದಲು! ಇದು ಗಡಿಯಾಚೆಯ ಮ್ಯಾಸೆಡೋನಿಯಾದವರ ಕುಣಿತ! ಬದನೆಕಾಯಿ ಹಾಕಿದ್ದಕ್ಕೆ ನನ್ನನ್ನು ಹೊರಗೆ ಹಾಕಿದೆಯಲ್ಲ, ಈಗ ದೇಶಾನೇ ಬದಲಾಯಿಸಿಬಿಟ್ಟೆಯಾ?"

ರುಮೆನ್ ಕಕ್ಕಾಬಿಕ್ಕಿಯಾದ. ಇಲ್ಲಿ ಒಂದು ವಿಷಯ ಹೇಳಬೇಕು. ಬಳಗ ಒಂದಾಗಿದ್ದ ಕಾಲದಲ್ಲಿ ಪ್ರತಿ ಪಿಕ್‌ನಿಕ್‌ನಲ್ಲೂ ಮೇಜು ಗುದ್ದಿ ಭಾಷಣ ಮಾಡುತ್ತಿದ್ದವನು ಈ ರುಮೆನ್‌ನೇ: ಮ್ಯಾಸೆಡೋನಿಯಾದವರೆಂಬ ಬೇರೆ ಜನವೇ ಇಲ್ಲ, ಅವರ ಭಾಷೆ ನಮ್ಮದು, ಅವರ ಹಾಡು ನಮ್ಮದು, ಅವರ ಅಜ್ಜಂದಿರೂ ನಮ್ಮವರು. ಹಾಗಿದ್ದ ಮೇಲೆ ಅವರ ಕುಣಿತ ಮಾತ್ರ ಹೇಗೆ ಪರಕೀಯವಾಯಿತು? "ಅದೂ ನಮ್ಮದೇ ಕಣೋ" ಎಂದು ಒಂದು ಮಾತು ಅಂದಿದ್ದರೆ ತನ್ನ ಸಿದ್ಧಾಂತವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಮನುಷ್ಯನಿಗೆ ಭಾಷಣದ ಬುದ್ಧಿ ಬೇರೆ, ಅವಮಾನವಾದಾಗಿನ ಬುದ್ಧಿ ಬೇರೆ. ಅವನು ಮೈಕು ಬಾಯಿಗಿಟ್ಟುಕೊಂಡೇ ತಾಯಿಯನ್ನು ಕೇಳಿದ: "ಅಮ್ಮಾ, ಇದು ರಚೆನಿತ್ಸಾ ಅಲ್ಲವಾ?"

"ಅಲ್ಲ" ಎಂದಳು ತಾಯಿ.

"ನಿಲ್ಲಿಸಿ! ತಪ್ಪು! ಎಲ್ಲಾ ತಪ್ಪು!" ಎಂಬುದು ಆರೂ ಸ್ಪೀಕರುಗಳಿಂದ ಮೊಳಗಿತು.

ಕೀಬೋರ್ಡ್ ನಿಂತಿತು. ನೀರಜಾ ಎದ್ದು ನಿಂತು ಸೆರಗು ಸಿಕ್ಕಿಸಿದಳು. "ಏನ್ ಸಾರ್ ತಪ್ಪು? ಮೂರು ವಾರದಿಂದ ಬ್ರಾವೋ ಬ್ರಾವೋ ಅಂತಿದ್ರಲ್ಲ, ಆಗ ಕಿವಿ ಎಲ್ಲಿಟ್ಟಿದ್ರಿ? ಏಳು ಅಂದ್ರೆ ಏಳು ಹಾಕಿದೀನಿ!" ದೊರೆಸ್ವಾಮಿ ಹೆಂಡತಿಯ ಕೈ ಜಗ್ಗುತ್ತಿದ್ದ. ಅನ್ಸಾರ್ ಸಿಕ್ಕಿದ್ದೇ ಸಾಕೆಂದು ಉಸಿರು ತೆಗೆದುಕೊಳ್ಳುತ್ತಿದ್ದ. ಯಾನಾ ಮಾತ್ರ ನಿಂತಲ್ಲೇ ನಿಂತಿದ್ದಳು.

"ವಾಟ್ ಡಿಡ್ ಐ ಡೂ ನೌ, ಡ್ಯಾಡ್?" ಎಂದಳು. "ಎವೆರಿಥಿಂಗ್ ಈಸ್ ರಾಂಗ್. ಆಲ್ವೇಸ್."

ರುಮೆನ್‌ಗೆ ತನ್ನ ಕೈಯಲ್ಲಿದ್ದ ಮೈಕನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಾನು ಈಗ ಏನು ಮಾಡಿದೆನೆಂಬುದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಸತ್ತುಹೋಗಬೇಕು ಅನ್ನಿಸಿತು.

ಸ್ತಾಂಕಾ ಎದ್ದಳು. ಕುರ್ಚಿಯ ಹಿಡಿ ಹಿಡಿದು, ಆಮೇಲೆ ಒಬ್ಬ ಒಮಾನಿ ಮ್ಯಾನೇಜರನ ಭುಜ ಹಿಡಿದು, ವೇದಿಕೆಯ ಮೆಟ್ಟಿಲು ಹತ್ತಿದಳು. ಮೊಮ್ಮಗಳ ಕೈ ಹಿಡಿದಳು.

"ಎಲ್ಲಿಂದ ಶುರು ಇದು?"

"ಉದ್ದದ್ದು ಮೊದಲು, ಬಾಬಾ" ಎಂದಳು ಯಾನಾ ಸಣ್ಣ ದನಿಯಲ್ಲಿ. "ಆಮೇಲೆ ಗಿಡ್ಡ, ಗಿಡ್ಡ."

"ಸರಿ, ಕಲಿಸು." ಮುದುಕಿ ನೀರಜಾಳತ್ತ ತಿರುಗಿ ತನ್ನ ತೊಡೆ ತಟ್ಟಿ ತೋರಿಸಿದಳು. ನೀರಜಾಗೆ ಅಷ್ಟು ಸಾಕಾಯಿತು. ತಕಿಟ ತಕ ಧಿಮಿ ಮತ್ತೆ ಶುರುವಾಯಿತು. ಜೀವಮಾನವೆಲ್ಲ ತಕ ಧಿಮಿ ತಕಿಟ ಕುಣಿದ ಕಾಲುಗಳು ಮೊದಲು ಎಡವಿದವು. ಹತ್ತು ವರ್ಷದ ಹುಡುಗಿ "ಇಲ್ಲ ಬಾಬಾ, ನಿಧಾನ, ನನ್ನ ಕಾಲು ನೋಡು" ಎಂದು ಹೇಳಿಕೊಡುತ್ತ ಹೋದಳು. ಅಷ್ಟೂ ಬಲ್ಗೇರಿಯನ್‌ನಲ್ಲಿ, ಅಷ್ಟೂ ಜನರ ಮುಂದೆ. ಎರಡು ಸುತ್ತಿಗೆ ಮುದುಕಿಯ ಹೆಜ್ಜೆ ಕೂತಿತು.

"ಇದು ನಮ್ಮದಲ್ಲ ಅಜ್ಜೀ!" ಎಂದು ಇವಾಯ್ಲೊ ಕೆಳಗಿಂದ ಕೂಗಿದ.

"ಕುಣಿಯೋಳು ನಮ್ಮವಳು ತಾನೇ? ಹೋಗಿ ಕೇಕು ನೋಡಿಕೋ" ಎಂದು ಅವಳು ನಿಲ್ಲದೆ ಅಂದಳು. ಆಮೇಲೆ ಮಗನ ಮುಂದೆ ಹಾಯುವಾಗ ಮೊಮ್ಮಗಳ ಕೈ ಬಿಟ್ಟು ಆ ಕೈಯನ್ನು ಅವನತ್ತ ಚಾಚಿದಳು. "ಬಾರೋ. ಕಕ್ಕಸಿನಲ್ಲಿ ಅಡಗಿದ್ದು ಸಾಕು."

ರುಮೆನ್ ಮೈಕನ್ನು ನೆಲದ ಮೇಲಿಟ್ಟು ಸಾಲಿಗೆ ಸೇರಿದ. ಒಂದು ಕಡೆ ಮಗಳು, ಒಂದು ಕಡೆ ತಾಯಿ. ಅವನ ಕಾಲಿಗೆ ಉದ್ದವೂ ಗೊತ್ತಿರಲಿಲ್ಲ, ಗಿಡ್ಡವೂ ಗೊತ್ತಿರಲಿಲ್ಲ. ಬಲಕ್ಕೆ ಹೋಗುವಲ್ಲಿ ಎಡಕ್ಕೆ ಹೋದ, ತಾಯಿಗೆ ಡಿಕ್ಕಿ ಹೊಡೆದ, ಬೂಟುಗಾಲನ್ನು ಯಾನಾಳ ಪಾದದ ಮೇಲಿಟ್ಟ.

"ಅಯ್ಯೋ ತಾತೆ!" ಎಂದು ಯಾನಾ ಕಿರುಚಿದಳು. ಮುಂದಿನದೂ ಬಲ್ಗೇರಿಯನ್‌ನಲ್ಲೇ ಬಂತು, ಒಂದೇ ಉಸಿರಿನಲ್ಲಿ: "ತಾತೆ, ನಿನಗೆ ಬರೋದಿಲ್ಲ! ಸಾಲೆಲ್ಲ ಹಾಳುಮಾಡ್ತಿದೀಯ! ಹೊರಗೆ ಹೋಗಿ ನಿಂತ್ಕೋ!"

ರುಮೆನ್ ಕೈ ಬಿಟ್ಟ. ಅವನು ಬಿಟ್ಟ ಜಾಗದಲ್ಲಿ ಅಜ್ಜಿ ಮೊಮ್ಮಗಳ ಕೈ ಕೂಡಿಕೊಂಡವು. ಅವನು ವೇದಿಕೆಯ ಮೆಟ್ಟಿಲಿಳಿದು ಹುಲ್ಲಿನ ಮೇಲೆ ನಿಂತ. ಕಣ್ಣೀರು ಸುರಿಯುತ್ತಿತ್ತು. ಸಾಲಿನಿಂದ ಬಾಗಿ ನೋಡಿದ ದೊರೆಸ್ವಾಮಿ ಗಾಬರಿಯಾಗಿ, "ಏನಂದ್ಲು ಸಾರ್ ಮಗು?" ಎಂದು ಕೂಗಿದ.

"ನನಗೆ ಬರೋದಿಲ್ಲವಂತೆ. ಹೊರಗೆ ನಿಲ್ಲು ಅಂದಳು!" ಎಂದ ರುಮೆನ್, ಬಹುಮಾನ ಬಂದವನ ಹಾಗೆ ಮುಖ ಅರಳಿಸಿಕೊಂಡು.

ಪಕ್ಕದಲ್ಲೇ ನಿಂತಿದ್ದ ಇವಾಯ್ಲೊ ಮೂಗು ಮುರಿದ. "ಅಧ್ಯಕ್ಷರ ಮಗಳು! ಇಷ್ಟು ಸಣ್ಣ ಮಾತಿನಲ್ಲಿ ಎರಡು ತಪ್ಪು."

"ಬಾಯಿ ಮುಚ್ಚು, ನನ್ನ ಮಗಳು ಮಾತಾಡ್ತಿದ್ದಾಳೆ" ಎಂದ ರುಮೆನ್.